ಒಂದೊಂದು ಕೆಲಸಕ್ಕೆ ಒಂದೊಂದು ಲಿನಕ್ಸ್

ನೀಲಿ ಮೂತಿ, ಕಪ್ಪು ಮೈ, ಹಿಂಬದಿಯಲ್ಲಿ ಕೊಂಬಿನಂತೆ ನಿಮಿರಿದ ಎರಡು ಆಂಟೆನಾ. 2002ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೂಟರ್ ನೋಡುವುದಕ್ಕೆ ಇಷ್ಟೇ. ಬ್ರೌಸರ್‌ನಲ್ಲಿ ಅದರ ಸೆಟ್ಟಿಂಗ್ಸ್ ತೆರೆದರೆ ಒಂದು ಕಡೆ ‘ಪಿಂಗ್’ ಎಂಬ ಚೌಕ ಕಾಣುತ್ತಿತ್ತು. ಅಲ್ಲಿ ಯಾವುದಾದರೂ ಕಂಪ್ಯೂಟರಿನ ವಿಳಾಸ ಬರೆದರೆ ಆ ಕಂಪ್ಯೂಟರ್ ಓಗೊಡುತ್ತದೆಯೇ ಎಂದು ರೂಟರ್ ಕೂಗಿ ನೋಡುತ್ತಿತ್ತು. ಕೆಲವು ಕುತೂಹಲಿಗಳು ವಿಳಾಸದ ಜಾಗದಲ್ಲಿ ಲಿನಕ್ಸ್ ಆಜ್ಞೆಗಳನ್ನು ಬರೆದು ನೋಡಿದರು. ರೂಟರ್ ಮರುಮಾತಿಲ್ಲದೆ ಪಾಲಿಸಿತು. ಚೌಕದೊಳಗೆ ಪದಗಳ ನಡುವೆ ಜಾಗ ಬಿಡುವಂತಿರಲಿಲ್ಲ, ಸಾಲಿನ ಉದ್ದಕ್ಕೂ ಮಿತಿಯಿತ್ತು. ಹಾಗಾಗಿ ಆಜ್ಞೆಯನ್ನು ತುಂಡು ತುಂಡು ಮಾಡಿ ಕಂತಿನಲ್ಲಿ ಉಣಿಸಬೇಕಿತ್ತು. ಕೊನೆಯ ಕಂತು ಒಳಹೋದ ಮೇಲೆ ರೂಟರ್ ಹೊಸದೊಂದು ಅಭ್ಯಾಸ ಕಲಿಯುತ್ತಿತ್ತು: ಕರೆಂಟ್ ಕೊಟ್ಟ ಕೂಡಲೇ ಹಳೆಯ ತಂತ್ರಾಂಶವನ್ನು ಎಬ್ಬಿಸದೆ, ಯಾರಾದರೂ ಬೇರೆಯದನ್ನು ಕಳಿಸುತ್ತಾರೇನೋ ಎಂದು ಕೆಲವು ಸೆಕೆಂಡು ಕಾಯುವುದು.

ದುಡ್ಡು ಕೊಟ್ಟು ತಂದ ಪೆಟ್ಟಿಗೆಯೊಳಗೆ ಅದರ ಯಜಮಾನನೇ ಹಿತ್ತಿಲ ಕಿಂಡಿಯಿಂದ ನುಗ್ಗಬೇಕಾಗಿ ಬಂದ ಪ್ರಸಂಗ ಇದು. ಯಂತ್ರ ಯಾರದ್ದು, ಅದರೊಳಗಿನ ಕಾರುಬಾರು ಯಾರದ್ದು? ವಿಶೇಷ ಕೆಲಸಗಳಿಗೆಂದೇ ಹುಟ್ಟಿದ ಲಿನಕ್ಸ್‌ಗಳ ಸುಮಾರು ಮೂವತ್ತು ವರ್ಷಗಳ ಚರಿತ್ರೆ ಸುತ್ತುವುದು ಈ ಪ್ರಶ್ನೆಯನ್ನೇ.

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಬಗ್ಗೆ ಲೋಕಕ್ಕೆ ತಿಳಿಸಿದಾಗ ಇದ್ದದ್ದು ಕರ್ನಲ್ ಮಾತ್ರ. ಬಸ್ಸು ಲಾರಿಗಳ ಲೆಕ್ಕದಲ್ಲಿ ಹೇಳಬೇಕೆಂದರೆ ಅದು ಎಂಜಿನ್ ಕೂರಿಸಿದ ಬರಿಯ ಚಾಸಿ. ಚಾಸಿಯನ್ನು ತಂದು ಬಾಡಿ ಕಟ್ಟಿಸಿದರೆ ತಾನೇ ಅದು ಬಸ್ಸೋ, ನೀರಿನ ಟ್ಯಾಂಕರೋ, ಆಂಬುಲೆನ್ಸೋ ಆಗುವುದು. ಕರ್ನಲ್ಲಿನ ಮೇಲೆ ಹೀಗೆ ಬಾಡಿ ಕಟ್ಟಿ ಹಂಚುವುದಕ್ಕೆ ‘ಡಿಸ್ಟ್ರಿಬ್ಯೂಷನ್’ ಎಂದು ಹೆಸರು. ಬಳಕೆಯವರ ಬಾಯಲ್ಲಿ ಅದು ‘ಡಿಸ್ಟ್ರೊ’. 1993ರಲ್ಲಿ ಹುಟ್ಟಿದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಎಲ್ಲ ಕೆಲಸಕ್ಕೂ ಒಗ್ಗುವ ಬಸ್ಸುಗಳು. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಗೂಢಚಾರರ ಜೀಪು ಎಲ್ಲವೂ ಆಮೇಲೆ ಬಂದವು. ಬಂದದ್ದು ಇಕ್ಕಟ್ಟಿನಿಂದ.

ಮೊದಲ ಇಕ್ಕಟ್ಟು ಫ್ಲಾಪಿಯದು. ಡಿಸ್ಕ್ ಕೆಟ್ಟು ಕಂಪ್ಯೂಟರ್ ಏಳದೆ ಹೋದರೆ, ಅದನ್ನು ಎಬ್ಬಿಸುವಷ್ಟು ಸಾಮಾನು 1.44 ಎಂಬಿಯೊಳಗೆ ಹಿಡಿಸಬೇಕು. ಡೆಬಿಯನ್ನಿನ ಬ್ರೂಸ್ ಪೆರೆನ್ಸ್ 1995-96ರ ಸುಮಾರಿಗೆ ಇದಕ್ಕೊಂದು ದಾರಿ ಹುಡುಕಿದರು. ಪಟ್ಟಿ ತೋರಿಸಲು ಒಂದು, ನಕಲು ಮಾಡಲು ಒಂದು, ಅಳಿಸಲು ಇನ್ನೊಂದು ಎಂದು ಹತ್ತಾರು ಪ್ರೋಗ್ರಾಂ ಇಡುವ ಬದಲು ಒಂದನ್ನೇ ಬರೆದು, ಯಾವ ಹೆಸರಿನಿಂದ ಕರೆದರೆ ಆ ಕೆಲಸ ಮಾಡುವಂತೆ ರೂಪಿಸಿದರು. ಅದರ ಹೆಸರು ಬ್ಯುಸಿಬಾಕ್ಸ್. ಏಕಪಾತ್ರಾಭಿನಯ ಮಾಡುವ ನಟನಂಥ ಈ ಪ್ರೋಗ್ರಾಂ ಫ್ಲಾಪಿಯ ಕಾಲ ಮುಗಿದ ಮೇಲೂ ಸಾಯಲಿಲ್ಲ. ಮುಂದೆ ರೂಟರ್‌ಗಳ ಹೊಟ್ಟೆಯಲ್ಲೂ ಅದೇ ಸಿಕ್ಕಿತು.

ಟಾಮ್ ಓಸರ್ ಎಂಬಾತ ಫ್ಲಾಪಿಯನ್ನೇ ಹಿಗ್ಗಿಸಿದ. ಸಾಮಾನ್ಯ ಫ್ಲಾಪಿಯ ಒಂದೊಂದು ಮುಖದಲ್ಲಿ 80 ಟ್ರ್ಯಾಕ್, ಪ್ರತಿ ಟ್ರ್ಯಾಕಿನಲ್ಲಿ 18 ಸೆಕ್ಟರ್. ಓಸರ್ ಅದೇ ತಟ್ಟೆಯ ಮೇಲೆ 82 ಟ್ರ್ಯಾಕ್, 21 ಸೆಕ್ಟರ್ ಗೆರೆ ಕೊರೆದು 1440 ಕೆಬಿ ಜಾಗವನ್ನು 1722 ಕೆಬಿಗೆ ಏರಿಸಿದ. ಹೆಚ್ಚಿಗೆ ಸಿಕ್ಕ 282 ಕೆಬಿ ಇಂದಿನ ಒಂದು ಫೋಟೊಗೂ ಸಾಲದು. ಆದರೆ ಅಷ್ಟರಲ್ಲಿ ಇನ್ನೊಂದು ಪಠ್ಯ ತಿದ್ದುವ ಪ್ರೋಗ್ರಾಂ, ಇನ್ನೆರಡು ನೆಟ್‌ವರ್ಕ್ ಕಾರ್ಡುಗಳ ಡ್ರೈವರ್ ಸೇರಿಸುವ ಅನುಕೂಲವಿತ್ತು. ಅವನ ‘ಟಾಮ್ಸ್‌ಆರ್‌ಟಿಬಿಟಿ’ ಫ್ಲಾಪಿ ಸಿಸ್ಟಂ ನೋಡಿಕೊಳ್ಳುವವರ ಅಂಗಿ ಜೇಬಿನ ಸಂಗಾತಿಯಾಯಿತು.

ಅದೇ ದಶಕದಲ್ಲಿ ಡೇವ್ ಸಿನೆಜ್ ಆರಂಭಿಸಿದ ಲಿನಕ್ಸ್ ರೂಟರ್ ಪ್ರಾಜೆಕ್ಟ್ ಒಂದು ಹೆಜ್ಜೆ ಮುಂದೆ ಹೋಯಿತು. ಮೂಲೆಗೆ ಬಿದ್ದ 486 ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ ಒಂದು ಫ್ಲಾಪಿ ತುರುಕಿದರೆ ಇಡೀ ಕಚೇರಿಗೆ ಇಂಟರ್ನೆಟ್ ಹಂಚುವ ರೂಟರ್ ಸಿದ್ಧ. ಹಾರ್ಡ್‌ಡಿಸ್ಕ್ ಬೇಡ. ಫ್ಲಾಪಿಯಲ್ಲಿದ್ದದ್ದು ಪೂರ್ತಿ ರ‍್ಯಾಮ್‌ಗೆ ಹತ್ತಿ ಅಲ್ಲೇ ಓಡುತ್ತಿತ್ತು. ಫ್ಲಾಪಿಯ ಮೂಲೆಯ ಪುಟ್ಟ ಪ್ಲಾಸ್ಟಿಕ್ ಕೀಲು ಸರಿಸಿ ಬರವಣಿಗೆಗೆ ಬೀಗ ಹಾಕಿದರೆ ಯಾವ ಕನ್ನಗಳ್ಳನೂ ಅದರಲ್ಲಿ ಒಂದಕ್ಷರ ಬದಲಿಸುವಂತಿರಲಿಲ್ಲ. ಅನುಮಾನ ಬಂತೋ, ಸ್ವಿಚ್ ಆರಿಸಿ ಹಾಕಿದರಾಯಿತು. ಯಂತ್ರ ಹಿಂದಿನದೆಲ್ಲ ಮರೆತು ಹೊಸದಾಗಿ ಏಳುತ್ತಿತ್ತು. ಈ ಮರೆವು ಒಂದು ಗುಣವೂ ಹೌದೆಂದು ಕೆಲವರಿಗೆ ಹೊಳೆದದ್ದು ಹಲವು ವರ್ಷಗಳ ನಂತರ.

ಫ್ಲಾಪಿಯ ಬಂಧನದಿಂದ ಬಿಡಿಸಿದ್ದು ಜರ್ಮನಿಯ ಎಂಜಿನಿಯರ್ ಕ್ಲಾಸ್ ಕ್ನಾಪರ್. 2000ದ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಅವರ ‘ಕ್ನಾಪಿಕ್ಸ್’ ಡೆಬಿಯನ್ನನ್ನೇ ಅಡಕಗೊಳಿಸಿ ಒಂದು ಸಿಡಿಗೆ ಇಳಿಸಿತು. 700 ಎಂಬಿ ಸಿಡಿಯಲ್ಲಿ ಸುಮಾರು 2 ಜಿಬಿಯಷ್ಟು ತಂತ್ರಾಂಶ. ಬೇಕಾದ ತುಣುಕನ್ನು ಆಗಿಂದಾಗ್ಗೆ ಬಿಚ್ಚಿ ಓದುವ ವ್ಯವಸ್ಥೆ ಇದ್ದದ್ದರಿಂದ ಅದು ಸಾಧ್ಯವಾಯಿತು. ಅದಕ್ಕಿಂತ ದೊಡ್ಡ ಸೋಜಿಗ ಬೇರೆಯಿತ್ತು. ಆ ಕಾಲದಲ್ಲಿ ಲಿನಕ್ಸ್ ಹಾಕಿಕೊಳ್ಳುವುದೆಂದರೆ ಮಾನಿಟರಿನ ಕಂಪನ ಎಷ್ಟು, ಸೌಂಡ್ ಕಾರ್ಡ್ ಯಾವುದು, ಮೌಸ್ ಎಲ್ಲಿದೆ ಎಂಬ ಪ್ರಶ್ನೆಪತ್ರಿಕೆಗೆ ಉತ್ತರ ಬರೆದಂತೆ. ಕ್ನಾಪಿಕ್ಸ್ ಯಾರನ್ನೂ ಏನೂ ಕೇಳದೆ ತಾನೇ ಎಲ್ಲ ಪತ್ತೆಮಾಡಿ, ನಿಮಿಷಗಳಲ್ಲಿ ಬಣ್ಣದ ಡೆಸ್ಕ್‌ಟಾಪ್ ತೋರಿಸುತ್ತಿತ್ತು. ಸಿಡಿ ತೆಗೆದರೆ ಒಳಗಿದ್ದ ವಿಂಡೋಸ್ ಯಥಾಪ್ರಕಾರ. ಅತಿಥಿ ಬಂದು ಹೋದ ಗುರುತೂ ಇಲ್ಲ. ಏಳಲೊಲ್ಲದ ವಿಂಡೋಸ್ ಯಂತ್ರಗಳಿಂದ ಫೋಟೊ, ಕಡತ ಹೊರತೆಗೆಯುವ ರಿಪೇರಿಯವರಿಗೆ ಇದು ವರವಾಯಿತು.

ಭಾರತದಲ್ಲಿ ಆಗ 700 ಎಂಬಿ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. 56 ಕೆಬಿಪಿಎಸ್ ಮೋಡೆಮ್ ಒಂದು ಗಳಿಗೆಯೂ ತುಂಡಾಗದೆ ಪೂರ್ಣ ವೇಗದಲ್ಲಿ ಓಡಿದರೂ 29 ಗಂಟೆ ಬೇಕು. ಅಷ್ಟು ಹೊತ್ತೂ ಮನೆಯ ಫೋನು ಮೂಕ. ಇಲ್ಲಿ ಲಿನಕ್ಸ್ ಬಂದದ್ದು ಪತ್ರಿಕೆಗಳ ಜೊತೆಗಿನ ಉಚಿತ ಸಿಡಿಗಳಲ್ಲಿ. 1996ರಲ್ಲಿ ‘ಪಿಸಿಕ್ವೆಸ್ಟ್’ ಪತ್ರಿಕೆ ಓದುಗರಿಗೆ ಲಿನಕ್ಸ್ ಸಿಡಿ ಹಂಚುವಂತೆ ಮಾಡಿದವರಲ್ಲಿ ಮುಖ್ಯರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ಶುರುವಾದ ‘ಲಿನಕ್ಸ್ ಬ್ಯಾಂಗಲೋರ್’ ಸಮ್ಮೇಳನದ ಹಿಂದೆಯೂ ಅವರಿದ್ದರು; ಮುಂದೆ ಅದು ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು.

ಕ್ನಾಪಿಕ್ಸ್‌ನ ಅಚ್ಚು ಸಿಕ್ಕಮೇಲೆ ಎರಕ ಹೊಯ್ಯುವವರಿಗೆ ಬರವೇ? ಸಿಡಿಯನ್ನು ಬಿಚ್ಚಿ, ಬೇಡದ್ದು ಕಿತ್ತು, ಬೇಕಾದ್ದು ತುಂಬಿ ಮತ್ತೆ ಮುಚ್ಚುವ ಕಲೆ ಹಬ್ಬಿತು. ಮೊದಲು ಮುಗಿಬಿದ್ದವರಲ್ಲಿ ಭದ್ರತಾ ಪರೀಕ್ಷಕರಿದ್ದರು. ಗಿರಾಕಿಯ ಕಚೇರಿಗೆ ಹೋಗಿ, ಅವರ ಅನುಮತಿಯಿಂದಲೇ ಅವರ ಜಾಲಕ್ಕೆ ನುಗ್ಗಿ ತೂತು ತೋರಿಸುವುದು ಇವರ ಕಸುಬು. ಬಾಗಿಲು ಬಡಿದು ನೋಡುವ ಎನ್‌ಮ್ಯಾಪ್ (1997), ತಂತಿಯಲ್ಲಿ ಹರಿಯುವುದನ್ನು ಓದುವ ಇಥೀರಿಯಲ್ (1998, ಈಗಿನ ವೈರ್‌ಶಾರ್ಕ್), ದಾಳಿಗಳ ಕೋಠಿಯಾದ ಮೆಟಾಸ್ಪ್ಲಾಯ್ಟ್ (2003) ಇಂಥ ಆಯುಧಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುವುದರಲ್ಲೇ ಅವರ ಅರ್ಧ ದಿನ ಕಳೆಯುತ್ತಿತ್ತು.

ಇಂಥ ಪರೀಕ್ಷಕರಲ್ಲೊಬ್ಬರಾದ ಮಾಟಿ ಅಹರೋನಿ 2004ರಲ್ಲಿ ಇವನ್ನೆಲ್ಲ ಒಂದೇ ಸಿಡಿಗೆ ತುಂಬಿ ‘ವಾಪಿಕ್ಸ್’ ಎಂದು ಕರೆದರು. ವೈಟ್‌ಹ್ಯಾಟ್ ಮತ್ತು ಕ್ನಾಪಿಕ್ಸ್ ಕೂಡಿದ ಹೆಸರದು. ಸ್ವಲ್ಪದರಲ್ಲೇ ಅದು ‘ವ್ಯಾಕ್ಸ್’ ಆಯಿತು. ಇತ್ತ ಮ್ಯಾಕ್ಸ್ ಮೋಸರ್ ‘ಆಡಿಟರ್’ ಎಂಬ ಇನ್ನೊಂದನ್ನು ಕಟ್ಟುತ್ತಿದ್ದರು. 2006ರಲ್ಲಿ ಎರಡೂ ಸೇರಿ ‘ಬ್ಯಾಕ್‌ಟ್ರ್ಯಾಕ್’ ಆಯಿತು. ಅದರ ಪಾಸ್‌ವರ್ಡ್ ಒಂದು ಪೀಳಿಗೆಗೆ ಬಾಯಿಪಾಠ: ಬಳಕೆದಾರನ ಹೆಸರು ‘ರೂಟ್’, ಪಾಸ್‌ವರ್ಡ್ ಅದನ್ನೇ ತಿರುಗಿಸಿ ಬರೆದ ‘ಟೂರ್’. ತಳಪಾಯವನ್ನು ಸ್ಲ್ಯಾಕ್ಸ್ ಎಂಬ ಡಿಸ್ಟ್ರೊದಿಂದ ಉಬುಂಟು ಎಂಬ ಇನ್ನೊಂದಕ್ಕೆ ಬದಲಿಸಿಯೂ ತೃಪ್ತಿಯಾಗದೆ, ಕೊನೆಗೆ ಡೆಬಿಯನ್ನಿನ ಮೇಲೆ ಬುಡದಿಂದ ಕಟ್ಟಿದ್ದೇ 2013ರ ಮಾರ್ಚ್ 13ರಂದು ಆಮ್‌ಸ್ಟರ್‌ಡ್ಯಾಮಿನ ಬ್ಲ್ಯಾಕ್ ಹ್ಯಾಟ್ ಸಮಾವೇಶದಲ್ಲಿ ಬೆಳಕು ಕಂಡ ‘ಕಾಲಿ ಲಿನಕ್ಸ್’.

ಕಾಲಿಯ ಕೀರ್ತಿ ಅಪಕೀರ್ತಿ ಎರಡೂ ಬೆಳೆದವು. ‘ಮಿಸ್ಟರ್ ರೋಬಾಟ್’ ಧಾರಾವಾಹಿಯಲ್ಲಿ ಅದರ ಪರದೆ ಕಂಡ ಮೇಲೆ, ಕಾಲಿ ಹಾಕಿಕೊಂಡವರೆಲ್ಲ ಹ್ಯಾಕರ್ ಎಂಬ ಭ್ರಮೆ ಕಾಲೇಜು ಹಾಸ್ಟೆಲ್‌ಗಳಿಗೂ ಹಬ್ಬಿತು. ಪಕ್ಕದ ಮನೆಯ ವೈಫೈ ಮೇಲೆ ಕೈ ಪಳಗಿಸಿಕೊಳ್ಳಲು ಹೊರಡುವವರು ಒಂದು ಸಂಗತಿ ತಿಳಿದಿರಬೇಕು: ಅನುಮತಿಯಿಲ್ಲದೆ ಪರರ ಕಂಪ್ಯೂಟರಿಗೆ ವಂಚನೆಯ ಉದ್ದೇಶದಿಂದ ಕೈಹಾಕಿದರೆ ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಪರೀಕ್ಷಕರ ಮನೆಗೂ ಕನ್ನ ಬೀಳದೆ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಕಡತ ಅಡಕಿಸುವ ಪ್ರೋಗ್ರಾಮಿನಲ್ಲಿ ಯಾರೋ ಹುದುಗಿಸಿಟ್ಟಿದ್ದ ಕಳ್ಳಬಾಗಿಲು ಹೊರಬಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆ ಹಚ್ಚಿದ್ದು ಯಾವ ಭದ್ರತಾ ಸಲಕರಣೆಯಿಂದಲೂ ಅಲ್ಲ. ಲಾಗಿನ್ ಆಗುವುದಕ್ಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಕಿರಿಕಿರಿ ಅವರನ್ನು ಹುಡುಕಾಟಕ್ಕೆ ಹಚ್ಚಿತ್ತು. ಆ ತಿಂಗಳ 26ರಿಂದ 29ರ ನಡುವೆ ಕಾಲಿಯನ್ನು ಅಪ್‌ಡೇಟ್ ಮಾಡಿಕೊಂಡವರ ಯಂತ್ರಗಳಿಗೂ ಆ ಕೆಟ್ಟ ಸರಕು ತಲುಪಿತ್ತು.

ಈಗ ಮತ್ತೆ ನೀಲಿ ಮೂತಿಯ ಪೆಟ್ಟಿಗೆಗೆ ಬರೋಣ. 2003ರ ಮಾರ್ಚ್‌ನಲ್ಲಿ ಸಿಸ್ಕೊ ಕಂಪನಿ ಸುಮಾರು 50 ಕೋಟಿ ಡಾಲರಿಗೆ ಲಿಂಕ್‌ಸಿಸ್ಸನ್ನು ಕೊಳ್ಳುವುದಾಗಿ ಪ್ರಕಟಿಸಿತು. ಜೂನ್‌ನಲ್ಲಿ ಆಂಡ್ರ್ಯೂ ಮಿಕ್ಲಾಸ್ ಎಂಬುವರು ಡಬ್ಲ್ಯುಆರ್‌ಟಿ54ಜಿ ತಂತ್ರಾಂಶವನ್ನು ಬಗೆದು ನೋಡಿ, ಒಳಗಿರುವುದು ಲಿನಕ್ಸ್ ಎಂದು ಕರ್ನಲ್ ಬರೆಯುವವರಿಗೆ ತಿಳಿಸಿದರು. ಲಿನಕ್ಸ್ ಬಳಸಿದ್ದು ತಪ್ಪಲ್ಲ. ಆದರೆ ಅದರ ಜಿಪಿಎಲ್ ಪರವಾನಗಿಯಲ್ಲಿ ಒಂದು ಷರತ್ತಿದೆ: ತಂತ್ರಾಂಶವನ್ನು ಹಂಚುವವರು, ಕೇಳಿದವರಿಗೆ ಅದರ ಸೋರ್ಸ್ ಕೋಡ್ ಕೂಡ ಕೊಡಬೇಕು. ಕೋಡ್ ಎಲ್ಲೂ ಇರಲಿಲ್ಲ. ಚಿಪ್ ಬ್ರಾಡ್‌ಕಾಮ್‌ನದು, ತಂತ್ರಾಂಶ ತೈವಾನಿನ ಸೈಬರ್‌ಟ್ಯಾನ್‌ನದು, ಮೇಲಿನ ಹೆಸರು ಲಿಂಕ್‌ಸಿಸ್‌ನದು, ಇಡೀ ಅಂಗಡಿ ಸಿಸ್ಕೊದ್ದು. ಕೈಯಿಂದ ಕೈಗೆ ದಾಟುವಾಗ ಷರತ್ತಿನ ಕಾಗದ ಎಲ್ಲೋ ಉದುರಿಹೋಗಿತ್ತು.

ಒತ್ತಡ ಏರಿ, ಜುಲೈನಲ್ಲಿ ಕಂಪನಿ ಕೋಡ್ ಬಿಡುಗಡೆ ಮಾಡಿತು. 2004ರ ಜನವರಿಯಲ್ಲಿ ಆ ಕೋಡನ್ನೇ ಬುನಾದಿಯಾಗಿಸಿ ‘ಓಪನ್‌ಡಬ್ಲ್ಯುಆರ್‌ಟಿ’ ಯೋಜನೆ ಹುಟ್ಟಿತು. ಹೆಸರಿನ ಕೊನೆಯ ಮೂರಕ್ಷರ ಆ ರೂಟರಿನದೇ. 4 ಎಂಬಿ ಫ್ಲ್ಯಾಶ್, 16 ಎಂಬಿ ರ‍್ಯಾಮ್ ಇರುವ ಜಾಗದಲ್ಲಿ ಒಂದು ಪೂರ್ಣ ಡಿಸ್ಟ್ರೊ ಕಟ್ಟಲು ಫ್ಲಾಪಿ ಕಾಲದ ಜಿಪುಣತನವೇ ಮತ್ತೆ ಬೇಕಾಯಿತು. ಬ್ಯುಸಿಬಾಕ್ಸ್ ಅಂತೂ ಮೊದಲೇ ಒಳಗಿತ್ತು. ಕಾರ್ಖಾನೆಯ ತಂತ್ರಾಂಶ ಕಲ್ಲಿನಲ್ಲಿ ಕೆತ್ತಿದಂತಿದ್ದರೆ, ಓಪನ್‌ಡಬ್ಲ್ಯುಆರ್‌ಟಿ ಬರೆಯಲು ಬರುವಂಥ ಜಾಗ ಕೊಟ್ಟು, ಬೇಕಾದ ಪ್ಯಾಕೇಜನ್ನು ಬಳಕೆದಾರನೇ ಸೇರಿಸಿಕೊಳ್ಳುವಂತೆ ಮಾಡಿತು. ಮನೆಯ ಮೂಲೆಯ ರೂಟರ್ ಜಾಹೀರಾತು ತಡೆಯುವ, ಮಕ್ಕಳ ಓದಿನ ಸಮಯಕ್ಕೆ ಇಂಟರ್ನೆಟ್ ನಿಲ್ಲಿಸುವ, ಊರಾಚೆಯಿಂದ ಮನೆಯ ಜಾಲಕ್ಕೆ ಸುರಂಗ ತೋಡುವ ಯಂತ್ರವಾಯಿತು.

ಕಂಪನಿ ಸುಮ್ಮನೆ ಕೂರಲಿಲ್ಲ. 2005ರ ಕೊನೆಯಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಲಿನಕ್ಸ್ ತೆಗೆದು ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿ, ಫ್ಲ್ಯಾಶನ್ನೂ ರ‍್ಯಾಮನ್ನೂ ಅರ್ಧಕ್ಕೆ ಇಳಿಸಿತು. ಆದರೆ ಹಳೆಯದಕ್ಕೇ ಗಿರಾಕಿ ಹೆಚ್ಚೆಂದು ಕಂಡು, ಹೆಸರಿನ ಕೊನೆಗೆ ‘ಎಲ್’ ಸೇರಿಸಿ ಲಿನಕ್ಸ್ ಇರುವ ರೂಟರನ್ನು ಬೇರೆಯಾಗಿ ಮಾರಿತು. ಇತ್ತ ಷರತ್ತಿನ ಜಗಳ ಕೋರ್ಟಿನ ಮೆಟ್ಟಿಲೇರಿತ್ತು. 2004ರಲ್ಲಿ ಹರಾಲ್ಡ್ ವೆಲ್ಟೆ ಎಂಬ ಜರ್ಮನ್ ಪ್ರೋಗ್ರಾಮರ್ ಸೈಟ್‌ಕಾಮ್ ಎಂಬ ಕಂಪನಿಯ ವಿರುದ್ಧ ದಾವೆ ಹೂಡಿ, ಜಿಪಿಎಲ್ ಷರತ್ತು ಕಟ್ಟುನಿಟ್ಟಾಗಿ ಅನ್ವಯಿಸುತ್ತದೆಂದು ಮ್ಯೂನಿಕ್ ನ್ಯಾಯಾಲಯದಿಂದ ಹೇಳಿಸಿದರು. ಆ ಮೊಕದ್ದಮೆಯ ವಸ್ತುವೂ ವೈಫೈ ರೂಟರೇ. ಬೆಂಗಳೂರಿನ ಫಾಸ್ ಡಾಟ್ ಇನ್ ವೇದಿಕೆಯಲ್ಲಿ ಇದೇ ವೆಲ್ಟೆಯ ಮಾತು ಕೇಳಿದ ಎಂಜಿನಿಯರುಗಳು ನಮ್ಮಲ್ಲೂ ಇದ್ದಾರೆ. ಸಿಸ್ಕೊ ಮೇಲೆ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ 2008ರ ಡಿಸೆಂಬರ್‌ನಲ್ಲಿ ಹೂಡಿದ ದಾವೆ 2009ರ ಮೇ ತಿಂಗಳಲ್ಲಿ ರಾಜಿಯಲ್ಲಿ ಮುಗಿಯಿತು.

ಜಾಣತನ ಎಷ್ಟಿದ್ದರೇನು, ಕೋಡ್ ಕೈಗೆ ಬರದಿದ್ದರೆ ಪಿಂಗ್ ಚೌಕದ ಕಿಂಡಿಯಿಂದ ಒಳಹೋದವರು ಅಂಗಳದಲ್ಲೇ ಉಳಿಯುತ್ತಿದ್ದರು. ಬಾಗಿಲು ತೆರೆಸಿದ್ದು ಪರವಾನಗಿಯ ಒಂದು ಷರತ್ತು.

ಮರೆವಿನ ಮಾತಿಗೆ ಹಿಂತಿರುಗಿದರೆ, ಅದನ್ನೇ ವ್ರತವಾಗಿಸಿಕೊಂಡ ಲಿನಕ್ಸ್ 2009ರಲ್ಲಿ ಬಂತು. ಆಗ ‘ಇನ್‌ಕಾಗ್ನಿಟೊ’ ಎಂಬ ಡಿಸ್ಟ್ರೊ ಇತ್ತು. ‘ಅಮ್ನೇಸಿಯಾ’ ಎಂಬ ಇನ್ನೊಂದು ಆ ವರ್ಷ ಶುರುವಾಯಿತು. 2010ರಲ್ಲಿ ಮೊದಲನೆಯದು ತೆರೆಮರೆಗೆ ಸರಿದು ಎರಡೂ ಹೆಸರುಗಳ ಅಕ್ಷರ ಕೂಡಿದ ‘ಟೇಲ್ಸ್’ ಉಳಿಯಿತು. ಪೆನ್‌ಡ್ರೈವ್‌ನಿಂದ ಏಳುವ ಈ ಮರೆಗುಳಿ ಲಿನಕ್ಸ್ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಹೊರಗೆ ಹೋಗುವ ಸಂಪರ್ಕವೆಲ್ಲ ಟಾರ್ ಜಾಲದ ಮೂಲಕವೇ. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಮೊಳೆತ ತಂತ್ರವಾದ ಟಾರ್, ಸಂದೇಶವನ್ನು ಈರುಳ್ಳಿಯಂತೆ ಪದರ ಪದರವಾಗಿ ಸುತ್ತಿ ಮೂರು ಕೈ ದಾಟಿಸುತ್ತದೆ; ಒಂದು ಕೈಗೆ ಕಳಿಸಿದವರು ಗೊತ್ತಾದರೆ ತಲುಪುವ ಜಾಗ ಗೊತ್ತಾಗದು.

ಟೇಲ್ಸ್ ಕಟ್ಟಿದವರ ಎಚ್ಚರ ಎಂಥದೆಂದರೆ, ರ‍್ಯಾಮನ್ನೂ ಅವರು ನಂಬಲಿಲ್ಲ. ಕರೆಂಟ್ ಹೋದ ಮೇಲೂ ರ‍್ಯಾಮ್‌ನಲ್ಲಿ ಅಕ್ಷರಗಳು ಕೆಲವು ಸೆಕೆಂಡಿನಿಂದ ನಿಮಿಷಗಳವರೆಗೆ ಉಳಿಯುತ್ತವೆ, ತಂಪು ಮಾಡಿದರೆ ಇನ್ನೂ ಹೆಚ್ಚು ಎಂದು 2008ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ತೋರಿಸಿದ್ದರು. ಹಾಗಾಗಿ ಟೇಲ್ಸ್ ಮಲಗುವ ಮುನ್ನ ರ‍್ಯಾಮನ್ನು ಒರೆಸುತ್ತದೆ. ಯಾರಾದರೂ ಬಾಗಿಲು ತಟ್ಟಿದರೆ ಪೆನ್‌ಡ್ರೈವ್ ಕಿತ್ತರಾಯಿತು, ಯಂತ್ರ ತಾನೇ ಒರೆಸಿಕೊಂಡು ಆರುತ್ತದೆ. ಮೊದಲ ವರ್ಷಗಳಲ್ಲಿ ಅದಕ್ಕೊಂದು ವೇಷವೂ ಇತ್ತು: ಒಂದು ಗುಂಡಿ ಒತ್ತಿದರೆ ಪರದೆ ವಿಂಡೋಸ್ ಎಕ್ಸ್‌ಪಿಯಂತೆ ಕಾಣುತ್ತಿತ್ತು, ಸೈಬರ್ ಕೆಫೆಯಲ್ಲಿ ಹಿಂದೆ ನಿಂತವರಿಗೆ ಸಂಶಯ ಬಾರದಿರಲೆಂದು. 2014ರಲ್ಲಿ ವೇಷ ವಿಂಡೋಸ್ 8ಕ್ಕೆ ಬದಲಾಗಿ, 2016ರಲ್ಲಿ ಕಳಚಿಬಿತ್ತು.

ಎಡ್ವರ್ಡ್ ಸ್ನೋಡೆನ್ ಹೊರತಂದ ರಹಸ್ಯ ದಾಖಲೆಗಳ ಮೇಲೆ ಕೆಲಸ ಮಾಡುವಾಗ ಟೇಲ್ಸ್ ಬಳಸಿದ್ದಾಗಿ ಪತ್ರಕರ್ತರಾದ ಲಾರಾ ಪಾಯ್ಟ್ರಸ್, ಗ್ಲೆನ್ ಗ್ರೀನ್‌ವಾಲ್ಡ್, ಬಾರ್ಟನ್ ಗೆಲ್‌ಮನ್ 2014ರ ಏಪ್ರಿಲ್‌ನಲ್ಲಿ ತಿಳಿಸಿದರು. ಅದೇ ತಿಂಗಳ 29ರಂದು 1.0 ಆವೃತ್ತಿ ಬಂತು. ಅಂದರೆ ಪತ್ರಕರ್ತರು ಪ್ರಾಣದಂತೆ ಕಾಪಾಡಿಕೊಂಡ ದಾಖಲೆಗಳನ್ನು ಕಾದದ್ದು ಇನ್ನೂ ‘ಒಂದು’ ಎಂದೂ ಎಣಿಸಿಕೊಳ್ಳದ ತಂತ್ರಾಂಶ! ಅದೇ ಮರೆಯನ್ನು ಪಾತಕಿಗಳೂ ಬಳಸಿಕೊಂಡರು. ಬಾಲಕಿಯರನ್ನು ಪೀಡಿಸುತ್ತಿದ್ದ ಒಬ್ಬನನ್ನು ಹಿಡಿಯಲು, ಟೇಲ್ಸ್‌ನಲ್ಲಿದ್ದ ವಿಡಿಯೊ ಪ್ಲೇಯರಿನ ಲೋಪ ಬಳಸುವ ದಾಳಿಯೊಂದನ್ನು ಕಟ್ಟಿಸಲು ಫೇಸ್‌ಬುಕ್ ಕಂಪನಿಯೇ ಹಣ ಕೊಟ್ಟಿತ್ತೆಂದು 2020ರಲ್ಲಿ ವರದಿಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಟೇಲ್ಸ್ ಟಾರ್ ಪ್ರಾಜೆಕ್ಟ್‌ನೊಳಗೆ ಸೇರಿತು.

ಸ್ವಂತ ಸರ್ವರ್ ಇಟ್ಟುಕೊಳ್ಳುವವರ ಕಥೆ ಇಷ್ಟು ರೋಚಕವಲ್ಲ. 2010ರ ಫೆಬ್ರುವರಿ 5ರಂದು ನ್ಯೂಯಾರ್ಕಿನಲ್ಲಿ ಕಾನೂನು ಪ್ರಾಧ್ಯಾಪಕ ಎಬೆನ್ ಮೋಗ್ಲೆನ್ ಒಂದು ಭಾಷಣ ಮಾಡಿದರು. ನಮ್ಮ ಪತ್ರ, ಫೋಟೊ, ಗೆಳೆತನಗಳೆಲ್ಲ ದೊಡ್ಡ ಕಂಪನಿಗಳ ಉಗ್ರಾಣ ಸೇರಿವೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥ ಪುಟ್ಟ ಸರ್ವರಿನಲ್ಲಿ ಅವನ್ನು ಮನೆಗೇ ತರಬಹುದು ಎಂಬುದು ಅವರ ವಾದ. ಡೆಬಿಯನ್ ಬಳಗ ‘ಫ್ರೀಡಂಬಾಕ್ಸ್’ ಕಟ್ಟತೊಡಗಿತು. 2011ರಲ್ಲಿ ಜನರಿಂದ 80 ಸಾವಿರ ಡಾಲರಿಗೂ ಹೆಚ್ಚು ವಂತಿಗೆ ಬಂತು. 2012ರಲ್ಲಿ ಇದೇ ಉದ್ದೇಶದ ‘ಯುನೋಹೋಸ್ಟ್’ ಹುಟ್ಟಿತು. ಅದೇ ವರ್ಷ 35 ಡಾಲರಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಂದು ಯಂತ್ರದ ಖರ್ಚಿನ ಚಿಂತೆ ನೀಗಿತು.

ಆದರೂ ಮನೆಯ ಸರ್ವರ್ ಮನೆಮಾತಾಗಲಿಲ್ಲ. ತಂತ್ರಾಂಶ ಹಾಕುವುದು ಈಗ ಅರ್ಧ ಗಂಟೆಯ ಕೆಲಸ, ತೊಡಕಿರುವುದು ಬೀದಿಯ ತಂತಿಯಲ್ಲಿ. ಎಷ್ಟೋ ಇಂಟರ್ನೆಟ್ ಸಂಪರ್ಕಗಳಲ್ಲಿ ನೂರಾರು ಮನೆಗೆ ಸೇರಿ ಒಂದೇ ಹೊರವಿಳಾಸ. ಹೊರಗಿನವರು ಬಾಗಿಲು ತಟ್ಟೋಣವೆಂದರೆ ಮನೆಗೆ ನಂಬರೇ ಇಲ್ಲ. ಇಮೇಲ್ ಸಾಗುವ 25ನೇ ಪೋರ್ಟನ್ನು ಕಂಪನಿಗಳು ಮುಚ್ಚಿರುವುದೂ ಉಂಟು. ಮಳೆಗಾಲದಲ್ಲಿ ಕರೆಂಟ್ ಹೋದರೆ ಸರ್ವರಿಗೂ ಕತ್ತಲೆ. ವಿಶೇಷ ಲಿನಕ್ಸ್‌ಗಳ ಸಾಲಿನಲ್ಲಿ ಮನೆಯ ಸರ್ವರಿನದೊಂದೇ ಇನ್ನೂ ಹವ್ಯಾಸಿಗಳ ಕೈಯಲ್ಲೇ ಉಳಿದಿದೆ.

ಕೊನೆಗೆ ಮತ್ತೆ ರೂಟರಿನ ಕಥೆ. ಓಪನ್‌ಡಬ್ಲ್ಯುಆರ್‌ಟಿ ಬಳಗ 2016ರಲ್ಲಿ ಮನಸ್ತಾಪದಿಂದ ಒಡೆದು, 2018ರಲ್ಲಿ ಮತ್ತೆ ಒಂದಾಯಿತು. 2024ರ ನವೆಂಬರ್‌ನಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ ಮತ್ತು ಹಾರ್ಡ್‌ವೇರ್ ತಯಾರಿಸುವ ಬನಾನಾ ಪೈ ಜೊತೆಗೂಡಿ ತನ್ನದೇ ರೂಟರನ್ನು ಹೊರತಂದಿತು. ಹೆಸರು ‘ಓಪನ್‌ಡಬ್ಲ್ಯುಆರ್‌ಟಿ ಒನ್’, ಆಗಿನ ಬೆಲೆ 89 ಡಾಲರ್. ಅದರಲ್ಲಿ ಎರಡು ಫ್ಲ್ಯಾಶ್ ಚಿಪ್‌ಗಳಿವೆ, ಆರಿಸಿಕೊಳ್ಳಲು ಒಂದು ಪುಟ್ಟ ಸ್ವಿಚ್ ಇದೆ. ಮಾಲೀಕ ಏನೇನೋ ಪ್ರಯೋಗ ಮಾಡಿ ಮೊದಲನೆಯದನ್ನು ಕೆಡಿಸಿಕೊಂಡರೆ ಸ್ವಿಚ್ ಸರಿಸಿದರಾಯಿತು. ರೂಟರ್ ಎರಡನೆಯದರಿಂದ ಎದ್ದು ಹೊಸ ತಂತ್ರಾಂಶಕ್ಕಾಗಿ ಕಾಯುತ್ತದೆ.